ಉಸಿರಿನ ಪರೀಕ್ಷೆ

ನಾವು ಹುಟ್ಟಿದಾರಭ್ಯ ಮದ್ಯವನ್ನು ಮುಟ್ಟಿದವರಲ್ಲ. ನಾಲ್ಕು ಜನರ ಮುಂದೆ ಇದನ್ನು ಹೇಳಿಕೊಳ್ಳುವುದರಲ್ಲಿ ನಮಗೆ ಒಂದು ಬಗೆಯ ಹೆಮ್ಮೆಯೂ ಉಂಟು. ಹೀಗಿರಲು, ಕಳೆದ ಮಾಘಮಾಸದ ಒಂದು ರಾತ್ರಿ, ನಮ್ಮ ಊರಿನ ದೊಡ್ಡ ಬೀದಿಯ ತಿರುವಿನಲ್ಲಿ, ಅಂಗೈಯಗಲದ ಒಂದು ಯಂತ್ರವು ನಮ್ಮನ್ನು ಕುಡುಕರೆಂದು ಸಾರಿಬಿಟ್ಟಿತು. ಆ ರಾತ್ರಿ ನಡೆದ ಸಂಗತಿಯನ್ನೂ, ಅದರ ನಿಮಿತ್ತದಿಂದ ನಾವು ಅರಿತುಕೊಂಡ ಕಾಯಿದೆಯನ್ನೂ, ಅರಿತಮೇಲೆಯೂ ಸರಿಪಡಿಸಲಾಗದೆ ಉಳಿದ ನಮ್ಮದೊಂದು ತಪ್ಪನ್ನೂ ವಾಚಕರ ಮುಂದಿಡುವುದು ಉಚಿತವೆಂದು ತೋರಿತು. ಈಗ ಮೋಟಾರು ಇಲ್ಲದ ಮನೆಯೇ ವಿರಳ. ಕಾರಿಲ್ಲದಿದ್ದರೆ ಸ್ಕೂಟರಾದರೂ ಬಾಗಿಲಲ್ಲಿ ನಿಂತಿರುತ್ತದೆ. ಮಗನೋ ಮಗಳೋ ಹೊತ್ತುಮೀರಿ ಮನೆಗೆ ಬರುವವರೆಗೆ ದೀಪವಾರಿಸದೆ ಕಾದಿರುವ ತಾಯಂದಿರಿಗೆ ಈ ವಿಷಯವು ಬೇಡವಾದುದಲ್ಲ.

ಅಂದು ನಮ್ಮ ಬಂಧುಗಳೊಬ್ಬರ ಮಗಳ ಆರತಕ್ಷತೆ. ನಮ್ಮ ವಯಸ್ಸಿಗೆ ಸಲ್ಲದಷ್ಟು ಹೋಳಿಗೆಯನ್ನು ಸೇವಿಸಿದೆವೆಂಬುದನ್ನು ಮುಚ್ಚಿಡುವುದಿಲ್ಲ. ನಮಗೆ ಅಜೀರ್ಣದ ಬಾಧೆ ಹಳೆಯದು. ಅದಕ್ಕಾಗಿ ವೈದ್ಯರು ಕೊಟ್ಟ ಅರಿಷ್ಟದ ಸೀಸೆಯನ್ನು ನಮ್ಮ ಮನೆಯವರು ಎಲ್ಲಿಗೆ ಹೊರಟರೂ ಕೈಚೀಲದಲ್ಲಿ ಇಟ್ಟುಕೊಂಡಿರುತ್ತಾರೆ. ಛತ್ರದ ಜಗಲಿಯಲ್ಲಿ ನಿಂತು, ನೀರು ಬೆರೆಸುವಷ್ಟು ತಾಳ್ಮೆಯೂ ಇಲ್ಲದೆ, ಎರಡು ಮುಚ್ಚಳದಷ್ಟನ್ನು ಗುಟುಕರಿಸಿ ನಾವು ಕಾರನ್ನು ಹೊರಡಿಸಿದೆವು. ಪಕ್ಕದಲ್ಲಿ ಮನೆಯವರು, ಹಿಂದೆ ನಮ್ಮ ಸೊಸೆ, ಅವಳ ತೊಡೆಯ ಮೇಲೆ ನಿದ್ದೆಹೋದ ನಾಲ್ಕು ವರ್ಷದ ಮೊಮ್ಮಗಳು.

ನಾಲ್ಕು ಫರ್ಲಾಂಗು ಹೋಗುವಷ್ಟರಲ್ಲಿ ರಸ್ತೆಗೆ ಅಡ್ಡಲಾಗಿ ಬ್ಯಾರಿಕೇಡುಗಳು ಕಂಡವು. ಒಬ್ಬ ಪೇದೆಯು ಕೈಯೆತ್ತಿ ನಿಲ್ಲಿಸಿದನು. ಕಿಟಕಿಯನ್ನು ಇಳಿಸಿದೊಡನೆ ಅವನು ಮೂಗನ್ನು ಅರಳಿಸಿ, ಹಿಂದಿದ್ದ ಸಬ್‌ಇನ್ಸ್‌ಪೆಕ್ಟರರನ್ನು ಕರೆದನು. ಅವರು ಸಭ್ಯರೇ, ಹೊಸ ಕೊಳವೆಯೊಂದನ್ನು ಪೊಟ್ಟಣದಿಂದ ತೆಗೆದು ಯಂತ್ರಕ್ಕೆ ಸಿಕ್ಕಿಸಿ, “ಊದಿ ಯಜಮಾನರೇ” ಎಂದರು. ನಾವು ಧೈರ್ಯವಾಗಿ ಊದಿದೆವು. ಯಂತ್ರವು ಕಿರ್ರೆಂದಿತು. ಅದರ ಮುಖದ ಮೇಲೆ ೬೧ ಎಂಬ ಅಂಕೆ ಮೂಡಿತು.

ಮೂವತ್ತರ ಮೇಲೆ ಅಪರಾಧವೆಂದು ಅವರು ಹೇಳಿದಾಗ ನಮಗೆ ಬಂದುದು ಭಯವಲ್ಲ, ಕೋಪ. ಛತ್ರದಿಂದ ಹೊರಟ ಬಂಧುಗಳ ಕಾರುಗಳು ನಮ್ಮ ಹಿಂದೆಯೇ ಸಾಲಾಗಿ ನಿಂತಿದ್ದವು. ಮೂವತ್ತೈದು ವರ್ಷ ಮಕ್ಕಳಿಗೆ ಪಾಠ ಹೇಳಿದ ನಾವು ಕುಡುಕರೇ? “ನಾವು ಯಾರೆಂದು ತಿಳಿದಿದ್ದೀರಿ?” ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ನಮ್ಮ ಹಳೆಯ ಶಿಷ್ಯನೊಬ್ಬನು ಪೋಲೀಸು ಇಲಾಖೆಯಲ್ಲಿ ದೊಡ್ಡ ಹುದ್ದೆಯಲ್ಲಿದ್ದಾನೆ. ಜೇಬಿನಿಂದ ಫೋನನ್ನು ತೆಗೆದು ಅವನ ಹೆಸರನ್ನು ಒತ್ತಿಯೇಬಿಟ್ಟೆವು. ಗಂಟೆ ಬಾರಿಸಿತು, ಅವನು ಎತ್ತಲಿಲ್ಲ. ನಿದ್ದೆಹೋಗಿದ್ದನೆಂದು ಕಾಣುತ್ತದೆ. ನಾವು ಆ ರಾತ್ರಿ ಶಿಫಾರಸಿನ ದಾರಿಯನ್ನು ಹಿಡಿಯಲಿಲ್ಲವೆಂದು ಯಾರಾದರೂ ನಮ್ಮನ್ನು ಹೊಗಳಿದರೆ, ಆ ಹೊಗಳಿಕೆ ಅವನ ನಿದ್ದೆಗೆ ಸಲ್ಲತಕ್ಕದ್ದು.

ಅಷ್ಟರಲ್ಲಿ ಸೊಸೆಯು ಮಗುವನ್ನು ಅತ್ತೆಯ ಕೈಗೆ ಕೊಟ್ಟು ಕೆಳಗಿಳಿದಳು. ಅವಳು ಆಸ್ಪತ್ರೆಯೊಂದರ ಪ್ರಯೋಗಶಾಲೆಯಲ್ಲಿ ಕೆಲಸಮಾಡುವವಳು. “ಮಾವನವರೇ, ಮೊದಲು ಬಾಯಿ ಮುಕ್ಕಳಿಸಿ” ಎಂದು ನೀರಿನ ಸೀಸೆಯನ್ನು ನಮ್ಮ ಕೈಗಿತ್ತು, ಸಬ್‌ಇನ್ಸ್‌ಪೆಕ್ಟರರ ಕಡೆ ತಿರುಗಿ, “ಇವರು ಐದು ನಿಮಿಷಗಳ ಹಿಂದೆ ಈ ಔಷಧವನ್ನು ಕುಡಿದಿದ್ದಾರೆ. ಸೀಸೆಯ ಮೇಲಿನ ಬರಹವನ್ನು ತಾವೇ ನೋಡಿ. ಹದಿನೈದು ನಿಮಿಷ ಬಿಟ್ಟು ಇನ್ನೊಮ್ಮೆ ಊದಿಸಿ. ಆಮೇಲೂ ಸಂದೇಹವಿದ್ದರೆ ರಕ್ತಪರೀಕ್ಷೆಗೆ ಇವರು ಬರುತ್ತಾರೆ” ಎಂದಳು. ದನಿಯಲ್ಲಿ ಬೇಡಿಕೆಯೂ ಇರಲಿಲ್ಲ, ಬೆದರಿಕೆಯೂ ಇರಲಿಲ್ಲ. ಆ ಅಧಿಕಾರಿಗಳು ಸೀಸೆಯನ್ನು ದೀಪಕ್ಕೆ ಹಿಡಿದು ಓದಿ, “ಆಗಲಮ್ಮಾ, ಪಕ್ಕಕ್ಕೆ ನಿಲ್ಲಿಸಿ” ಎಂದರು.

ಅರಿಷ್ಟ, ಆಸವಗಳು ಹುಳಿಸಿ ಮಾಡುವ ಔಷಧಗಳು. ಹುಳಿಯುವಾಗ ಅವುಗಳಲ್ಲಿ ಮದ್ಯಸಾರವು ತಾನಾಗಿಯೇ ಹುಟ್ಟುತ್ತದೆ. ನೂರಕ್ಕೆ ಐದರಿಂದ ಹತ್ತು ಭಾಗದವರೆಗೆ ಅದು ಇರುವುದುಂಟು. ಉಸಿರಿನ ಯಂತ್ರವು ರಕ್ತವನ್ನು ನೋಡುವುದಿಲ್ಲ. ಸುಮಾರು ೨೧೦೦ ಮಿಲಿಲೀಟರ್ ಉಸಿರಿನಲ್ಲಿರುವ ಮದ್ಯಸಾರವು ಒಂದು ಮಿಲಿಲೀಟರ್ ರಕ್ತದಲ್ಲಿರುವುದಕ್ಕೆ ಸಮನೆಂಬ ಲೆಕ್ಕದಿಂದ ಅದು ಊಹಿಸಿ ಹೇಳುತ್ತದೆ. ಎದೆಯಾಳದಿಂದ ಬಂದ ಉಸಿರಿಗೆ ಈ ಲೆಕ್ಕ ಸರಿ. ಬಾಯಿಯಲ್ಲೇ ಔಷಧದ ಪಸೆ ಉಳಿದಿದ್ದರೆ ಲೆಕ್ಕವು ತಲೆಕೆಳಗಾಗುತ್ತದೆ. ಬಾಯಿ ತೊಳೆಯುವ ಕೆಲವು ದ್ರಾವಣಗಳಿಂದಲೂ ಕೆಲವು ಕೆಮ್ಮಿನ ಔಷಧಗಳಿಂದಲೂ ಹೀಗಾಗಬಹುದು. ಕಾಲುಗಂಟೆ ಕಳೆದರೆ ಬಾಯಿಯಲ್ಲಿದ್ದುದು ಆರಿಹೋಗುತ್ತದೆ. ರಕ್ತದಲ್ಲಿದ್ದುದು ಮಾತ್ರ ಉಳಿಯುತ್ತದೆ.

ಆ ಕಾಲುಗಂಟೆ ರಸ್ತೆಯ ಪಕ್ಕದಲ್ಲಿ ನಿಂತು ನಾವು ಎರಡು ದೃಶ್ಯಗಳನ್ನು ಕಂಡೆವು.

ಮೊದಲು ಒಂದು ದೊಡ್ಡ ಕಾರು ಬಂದಿತು. ಅದನ್ನು ನಡೆಸುತ್ತಿದ್ದ ತರುಣನು ಕೆಳಗಿಳಿಯಲಿಲ್ಲ; ಊದಲೂ ಇಲ್ಲ. ಯಾರೊಡನೆಯೋ ಮಾತನಾಡಿ, ಕಿಟಕಿಯಿಂದ ಫೋನನ್ನು ಹೊರಕ್ಕೆ ನೀಡಿ, “ಮಾತಾಡಿ” ಎಂದನು. ಪೇದೆಯು ಫೋನನ್ನು ಕಿವಿಗಿಟ್ಟುಕೊಂಡು, ನೆಟ್ಟಗೆ ನಿಂತು, “ಆಯಿತು ಸಾರ್” ಎಂದು ಎರಡು ಸಲ ಹೇಳಿ ಬ್ಯಾರಿಕೇಡನ್ನು ಸರಿಸಿದನು. ಕಾರು ಹೊರಟುಹೋಯಿತು.

ಅದರ ಹಿಂದೆ ಹೂವಿನ ಮೂಟೆಗಳನ್ನು ಹೇರಿಕೊಂಡ ಒಂದು ಟೆಂಪೋ. ಚಾಲಕನಿಗೆ ಇಪ್ಪತ್ತೆರಡೋ ಇಪ್ಪತ್ತಮೂರೋ ವಯಸ್ಸು. ಅವನು ಊದಿದನು, ೪೮ ಬಂದಿತು. ಅವನು ಯಾವ ಅರಿಷ್ಟವನ್ನೂ ಕುಡಿದಿರಲಿಲ್ಲ. “ಸ್ವಾಮೀ, ಸಂಜೆ ಸ್ವಲ್ಪ ತಗೊಂಡಿದ್ದೆ, ತಪ್ಪಾಯ್ತು” ಎಂದು ತಾನೇ ಒಪ್ಪಿಕೊಂಡನು. ಪೇದೆಯು ಅವನ ಲೈಸೆನ್ಸನ್ನು ತೆಗೆದುಕೊಂಡು ತನ್ನ ಜೇಬಿನಲ್ಲಿಟ್ಟನು. “ಗಾಡಿ ಇಲ್ಲೇ ಬಿಟ್ಟು ಹೋಗು. ಬೆಳಗ್ಗೆ ದುಡ್ಡು ತಗೊಂಡು ಬಾ, ನೋಡೋಣ” ಎಂದನು. ಎಷ್ಟು ದುಡ್ಡು, ಎಲ್ಲಿಗೆ, ಯಾರ ಬಳಿಗೆ ಎಂಬುದಾವುದೂ ಇಲ್ಲ. ಒಂದು ಚೂರು ಕಾಗದವೂ ಇಲ್ಲ. “ಹೂವು ಬಾಡಿಹೋದರೆ ಮಾಲೀಕರು ಬಿಡೋದಿಲ್ಲ ಸಾರ್” ಎಂದು ಹುಡುಗನು ಕೈಮುಗಿದು ನಿಂತನು. ಸಬ್‌ಇನ್ಸ್‌ಪೆಕ್ಟರರು ಅತ್ತ ಬೇರೊಂದು ಗಾಡಿಯ ಬಳಿ ಇದ್ದರು.

ನಮ್ಮ ಸರದಿ ಮತ್ತೆ ಬಂದಿತು. ಎರಡನೆಯ ಸಲ ಊದಿದಾಗ ಯಂತ್ರವು ೪ ಎಂದಿತು. ಸೊನ್ನೆಯಲ್ಲ, ನಾಲ್ಕು! ಜನ್ಮದಲ್ಲಿ ಮದ್ಯ ಮುಟ್ಟದವರ ಹೆಮ್ಮೆಗೆ ಅಷ್ಟು ಶಿಕ್ಷೆ ಸಾಕೆನಿಸಿತು. ಅಧಿಕಾರಿಗಳು ನಗುತ್ತ, “ಇನ್ನುಮೇಲೆ ಔಷಧವನ್ನು ಮನೆಗೆ ಹೋಗಿ ಕುಡಿಯಿರಿ” ಎಂದು ಬೀಳ್ಕೊಟ್ಟರು. ನಾವು ಗೆದ್ದವರಂತೆ ಕಾರನ್ನು ಹತ್ತಿದೆವು. ನೂರು ಗಜ ಹೋಗಿರಬಹುದು; ನಮ್ಮ ಮನೆಯವರು, “ಆ ಹುಡುಗನಿಗೆ ಚೀಟಿ ಏನಾದರೂ ಕೊಟ್ಟರೇ?” ಎಂದು ಕೇಳಿದರು.

“ಅದು ನಮಗೇಕೆ? ಕುಡಿದವನು ಅನುಭವಿಸಲಿ” ಎಂದೆವು ನಾವು. ಕಾರನ್ನು ನಿಲ್ಲಿಸಲಿಲ್ಲ.

ಆದರೆ ಆ ಪ್ರಶ್ನೆ ನಮ್ಮೊಡನೆ ಮನೆಗೆ ಬಂದಿತು. ಮಾರನೆಯ ದಿನ ನಮ್ಮ ನೆರೆಯ ವಕೀಲ ಮಿತ್ರರಲ್ಲಿಗೆ ಹೋಗಿ, ೧೯೮೮ನೆಯ ಇಸವಿಯ ಮೋಟಾರು ವಾಹನಗಳ ಕಾಯಿದೆಯನ್ನು ಮುಂದಿಟ್ಟುಕೊಂಡು ಕುಳಿತೆವು. ಅಲ್ಲಿ ಕಂಡುದನ್ನು ಸಂಗ್ರಹವಾಗಿ ಹೇಳುತ್ತೇವೆ.

ರಕ್ತದ ೧೦೦ ಮಿಲಿಲೀಟರಿನಲ್ಲಿ ೩೦ ಮಿಲಿಗ್ರಾಂ ಮದ್ಯಸಾರವನ್ನು ಮೀರಿದ್ದರೆ ವಾಹನ ನಡೆಸುವುದು ೧೮೫ನೆಯ ಸೆಕ್ಷನ್ನಿನಂತೆ ಅಪರಾಧ. ೨೦೧೯ರ ತಿದ್ದುಪಡಿಯ ತರುವಾಯ ಮೊದಲನೆಯ ಸಲಕ್ಕೆ ಆರು ತಿಂಗಳವರೆಗೆ ಸೆರೆವಾಸ, ಅಥವಾ ೧೦,೦೦೦ ರೂಪಾಯಿ ದಂಡ, ಅಥವಾ ಎರಡೂ. ಮರಳಿ ಮಾಡಿದರೆ ಎರಡು ವರ್ಷದವರೆಗೆ ಸೆರೆವಾಸ, ಅಥವಾ ೧೫,೦೦೦ ರೂಪಾಯಿ, ಅಥವಾ ಎರಡೂ. ಇಲ್ಲೊಂದು ಮುಖ್ಯ ವಿಷಯವುಂಟು. ಸಣ್ಣಪುಟ್ಟ ತಪ್ಪುಗಳಿಗೆ ಸ್ಥಳದಲ್ಲಿಯೇ ದಂಡ ಕಟ್ಟಿ ಮುಗಿಸಲು ಅವಕಾಶ ಕೊಡುವ ೨೦೦ನೆಯ ಸೆಕ್ಷನ್ನಿನಲ್ಲಿ ಈ ಅಪರಾಧವು ಸೇರಿಲ್ಲ. ಇದನ್ನು ತೀರ್ಮಾನಿಸತಕ್ಕದ್ದು ನ್ಯಾಯಾಲಯವೇ. ಆದಕಾರಣ ಕುಡಿದು ನಡೆಸಿದ ಬಗ್ಗೆ ರಸ್ತೆಯಲ್ಲಿ ಯಾರಾದರೂ ಹಣ ಕೇಳಿದರೆ, ಅದು ದಂಡವಲ್ಲ. ಅದಕ್ಕೆ ಬೇರೆ ಹೆಸರುಂಟು.

ಉಸಿರನ್ನು ಕೇಳುವ ಅಧಿಕಾರವು ೨೦೩ನೆಯ ಸೆಕ್ಷನ್ನಿನಿಂದ ಬರುತ್ತದೆ. ಕೇಳುವವರು ಸಮವಸ್ತ್ರದಲ್ಲಿರುವ ಪೋಲೀಸು ಅಧಿಕಾರಿಯಾಗಿರಬೇಕು, ಇಲ್ಲವೆ ಮೋಟಾರು ವಾಹನ ಇಲಾಖೆಯ ಅಧಿಕಾರಿಯಾಗಿರಬೇಕು. ಸಂದೇಹಕ್ಕೆ ಅವರಿಗೆ ಸಕಾರಣವಿರಬೇಕು. ಒಂದು ಸಲವಲ್ಲದೆ ಹೆಚ್ಚು ಸಲವೂ ಊದಿಸಬಹುದೆಂದು ಕಾಯಿದೆಯೇ ಹೇಳುವುದರಿಂದ, ನಮ್ಮ ಸೊಸೆಯು ಕೇಳಿದುದು ಕಾಯಿದೆಗೆ ಹೊರಗಾದುದಲ್ಲ. ಹಾಗೆಂದು ಊದುವುದಿಲ್ಲವೆಂದು ಹಟಹಿಡಿಯುವುದು ಜಾಣತನವಲ್ಲ. ಸಂದೇಹವಿರುವಾಗ ನಿರಾಕರಿಸಿದವನನ್ನು ವಾರಂಟಿಲ್ಲದೆ ಬಂಧಿಸಬಹುದು. ತಕ್ಕ ಕಾರಣವಿಲ್ಲದ ಆ ನಿರಾಕರಣೆಯನ್ನು ನ್ಯಾಯಾಲಯವು ೨೦೫ನೆಯ ಸೆಕ್ಷನ್ನಿನಂತೆ ಅವನಿಗೆ ವಿರೋಧವಾಗಿಯೇ ಎಣಿಸಬಹುದು. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಆಪಾದಿತನನ್ನು ಬಲಾತ್ಕರಿಸಬಾರದೆಂದು ನಮ್ಮ ಸಂವಿಧಾನದ ೨೦ನೆಯ ಅನುಚ್ಛೇದವು ಹೇಳುತ್ತದೆ, ನಿಜ. ಆದರೆ ಬೆರಳಚ್ಚು, ಕೈಬರಹ ಮುಂತಾದ ಗುರುತುಗಳನ್ನು ಕೊಡುವುದು ಸಾಕ್ಷಿ ಹೇಳಿದಂತಲ್ಲವೆಂದು ೧೯೬೧ರಲ್ಲಿಯೇ ಸರ್ವೋಚ್ಚ ನ್ಯಾಯಾಲಯವು ಕಾಥಿ ಕಾಲು ಓಘಡ್ ಎಂಬವನ ಮೊಕದ್ದಮೆಯಲ್ಲಿ ತೀರ್ಪುಕೊಟ್ಟಿದೆ. ಉಸಿರನ್ನು ಬಚ್ಚಿಡುವವರಿಗೆ ಆ ಆಶ್ರಯ ದೊರೆಯುವುದು ಕಷ್ಟ.

ಬಂಧನವಾದರೆ ಕಾಯಿದೆಯು ಮರುಕ್ಷಣವೇ ಬಂಧಿತನ ಪಕ್ಕಕ್ಕೂ ಬಂದು ನಿಲ್ಲುತ್ತದೆ. ೧೮೫ನೆಯ ಸೆಕ್ಷನ್ನಿನ ಅಪರಾಧಕ್ಕಾಗಿ ೨೦೨ನೆಯ ಸೆಕ್ಷನ್ನಿನಂತೆ ಬಂಧಿಸಿದವನನ್ನು ಎರಡು ಗಂಟೆಗಳೊಳಗೆ ವೈದ್ಯರ ಪರೀಕ್ಷೆಗೆ ಒಳಪಡಿಸಬೇಕು, ತಪ್ಪಿದರೆ ಬಿಟ್ಟುಬಿಡಬೇಕು. ಅವನ ವಾಹನವನ್ನು ಬೀದಿಪಾಲು ಮಾಡದೆ, ಅದಕ್ಕೆ ತಾತ್ಕಾಲಿಕವಾಗಿ ತಕ್ಕ ಏರ್ಪಾಡನ್ನು ಮಾಡುವ ಹೊಣೆಯೂ ಬಂಧಿಸಿದ ಅಧಿಕಾರಿಯದೇ. ಬಂಧನದ ಕಾರಣವನ್ನು ಹೇಳಬೇಕು, ಮನೆಯವರಿಗೆ ತಿಳಿಸಬೇಕು, ವಕೀಲರನ್ನು ಕಾಣಗೊಡಬೇಕು. ಈ ಅಪರಾಧವು ಜಾಮೀನಿಗೆ ಅರ್ಹವಾದುದು. ಬಂಧಿಸುವವರ ಎದೆಯ ಮೇಲೆ ಹೆಸರಿನ ಪಟ್ಟಿಯು ಸ್ಪಷ್ಟವಾಗಿ ಕಾಣುತ್ತಿರಬೇಕೆಂದು ೧೯೯೬ರಲ್ಲಿ ಡಿ. ಕೆ. ಬಸು ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ವಿಧಿಸಿತು.

ಹೆಣ್ಣುಮಕ್ಕಳಿಗೆ ಸಂಬಂಧಿಸಿದ ಎರಡು ವಿಷಯಗಳನ್ನು ಪ್ರತ್ಯೇಕವಾಗಿ ಹೇಳಬೇಕಾಗಿದೆ. ರಕ್ತವನ್ನು ತೆಗೆಯುವ ವೈದ್ಯರು ಗಂಡಸಾಗಿದ್ದರೆ, ಇನ್ನೊಬ್ಬ ಹೆಂಗಸು ಎದುರಿನಲ್ಲಿದ್ದೇ ತೆಗೆಯಬೇಕೆಂದು ೨೦೪ನೆಯ ಸೆಕ್ಷನ್ನು ಹೇಳುತ್ತದೆ. ಮತ್ತು, ೨೦೨೪ರ ಜುಲೈಯಿಂದ ಜಾರಿಗೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಂತೆ, ಅಸಾಧಾರಣ ಸಂದರ್ಭಗಳನ್ನುಳಿದು, ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಹೆಂಗಸರನ್ನು ಬಂಧಿಸಲಾಗದು. ಅಸಾಧಾರಣವೆಂದರೂ ಮಹಿಳಾ ಅಧಿಕಾರಿಯು ಮ್ಯಾಜಿಸ್ಟ್ರೇಟರ ಅಪ್ಪಣೆಯನ್ನು ಮೊದಲೇ ಪಡೆಯಬೇಕು.

ಇನ್ನು ಕಾಗದಪತ್ರಗಳ ಮಾತು. ಸಮವಸ್ತ್ರದ ಪೋಲೀಸರು ಕೇಳಿದರೆ ಲೈಸೆನ್ಸನ್ನು ತೋರಿಸಲೇಬೇಕು. ೨೦೧೮ರಿಂದ ನಿಯಮದಲ್ಲಿ ಬದಲಾವಣೆಯಾಗಿ, ಡಿಜಿಲಾಕರ್ ಮೊದಲಾದವುಗಳ ಮೂಲಕ ಫೋನಿನಲ್ಲಿಯೇ ತೋರಿಸಿದರೂ ಸಲ್ಲುತ್ತದೆ. ಕುಡಿದು ನಡೆಸಿದನೆಂದು ನಂಬಲು ಕಾರಣವಿದ್ದರೆ ಪೋಲೀಸರು ಲೈಸೆನ್ಸನ್ನು ವಶಪಡಿಸಿಕೊಂಡು, ಅದನ್ನು ಕೊಟ್ಟ ಕಚೇರಿಗೆ ಕಳುಹಿಸಬೇಕು. ಆಗ, ೨೦೬ನೆಯ ಸೆಕ್ಷನ್ನಿನಂತೆ, ಅದಕ್ಕೊಂದು ಸ್ವೀಕೃತಿ ಪತ್ರವನ್ನು ಚಾಲಕನ ಕೈಗೆ ಕೊಡತಕ್ಕದ್ದು.

ನಮ್ಮ ಮನೆಯವರು ಕೇಳಿದ ಚೀಟಿ ಇದೇ. ಅವರು ಕಾಯಿದೆಯನ್ನು ಓದಿದವರಲ್ಲ. ಹಾಲಿನವನಿಗೆ ಹಣ ಕೊಟ್ಟರೂ ಗೋಡೆಯ ಪಂಚಾಂಗದಲ್ಲಿ ಗುರುತುಹಾಕುವ ಗೃಹಿಣಿಯ ಬುದ್ಧಿಗೆ ಅದು ತಾನಾಗಿ ಹೊಳೆಯಿತು.

ಆ ಚೀಟಿಯಿಂದ ಹುಡುಗನು ಟೆಂಪೋ ನಡೆಸುವಂತಿಲ್ಲ. ಲೈಸೆನ್ಸು ಮರಳಿ ಬರುವ ತನಕ ನಡೆಸಕೂಡದೆಂದು ಕಾಯಿದೆಯು ಸ್ಪಷ್ಟವಾಗಿಯೇ ಹೇಳಿದೆ. ಹಾಗಾದರೆ ಅದರ ಪ್ರಯೋಜನವೇನು? ತನ್ನ ಲೈಸೆನ್ಸು ಸರ್ಕಾರದ ವಶದಲ್ಲಿದೆಯೇ ಹೊರತು ಒಬ್ಬನ ಜೇಬಿನಲ್ಲಿ ಇಲ್ಲವೆಂಬುದಕ್ಕೆ ಅದು ಆಧಾರ. ಅದಿದ್ದರೆ ಹುಡುಗನು ನ್ಯಾಯಾಲಯಕ್ಕೆ ಉತ್ತರ ಹೇಳಬೇಕಾದವನು. ಅದಿಲ್ಲದಿದ್ದರೆ ಆ ಪೇದೆಗೆ ಉತ್ತರ ಹೇಳಬೇಕಾದವನು. ಅವನನ್ನು ತಡೆದುದು ಸರಿ. ನಮ್ಮ ಮೊಮ್ಮಗಳು ಮಲಗಿದ್ದ ಕಾರಿಗೆ ಅವನ ಟೆಂಪೋ ಎದುರಾಗಿದ್ದರೆ ಏನಾಗುತ್ತಿತ್ತೆಂಬುದನ್ನು ನೆನೆದರೆ ಈಗಲೂ ಮೈ ನಡುಗುತ್ತದೆ. ಅವನನ್ನು ತಡೆದುದೂ ಸರಿ, ಅವನಿಗೆ ಚೀಟಿ ಕೊಡದೆ ಹೋದುದೂ ತಪ್ಪು; ಇವೆರಡೂ ಒಟ್ಟಿಗೆ ನಿಜವಾಗಿರಬಲ್ಲವೆಂಬುದು ಆ ರಾತ್ರಿ ನಮಗೆ ಹೊಳೆಯಲಿಲ್ಲ.

ದೊಡ್ಡ ಕಾರಿನ ತರುಣನ ವಿಷಯವನ್ನು ಕುರಿತು ನಮ್ಮ ತಂಗಿಯ ಮಗನು ಹೇಳಿದ ಮಾತೊಂದುಂಟು. ಅವನು ಅಮೆರಿಕದ ಮಿಚಿಗನ್ ಸಂಸ್ಥಾನದಲ್ಲಿದ್ದಾನೆ. ಫೋನಿನಲ್ಲಿ ಈ ಕಥೆಯನ್ನು ಕೇಳಿ, ತನ್ನ ಸಂಸ್ಥಾನದಿಂದಲೇ ಇಂಥದೊಂದು ವ್ಯಾಜ್ಯವು ಅಲ್ಲಿಯ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗಿತ್ತೆಂದು ಹೇಳಿದನು. ೧೯೭೯ರಲ್ಲಿ ಆ ನ್ಯಾಯಾಲಯವು, ಯಾವ ಸಂದೇಹವೂ ಇಲ್ಲದೆ ಮನಸ್ಸಿಗೆ ಬಂದ ಒಂದು ಕಾರನ್ನು ಮಾತ್ರ ನಿಲ್ಲಿಸಿ ಕಾಗದಪತ್ರ ಕೇಳುವುದು ಸಲ್ಲದೆಂದು ಡೆಲವೇರ್ ಸಂಸ್ಥಾನದ ಮೊಕದ್ದಮೆಯಲ್ಲಿ ತೀರ್ಮಾನಿಸಿತು. ೧೯೯೦ರಲ್ಲಿ ಮಿಚಿಗನ್ನಿನ ಮೊಕದ್ದಮೆಯಲ್ಲಿ, ಕುಡಿತದ ತಪಾಸಣೆಗಾಗಿ ಬಂದ ಕಾರುಗಳನ್ನೆಲ್ಲ ನಿಲ್ಲಿಸುವುದು ಸಲ್ಲುತ್ತದೆಂದಿತು. ಅಲ್ಲಿ ೧೨೬ ಕಾರುಗಳನ್ನು ನಿಲ್ಲಿಸಿದ್ದರು, ಒಂದೊಂದಕ್ಕೆ ಸರಾಸರಿ ೨೫ ಸೆಕೆಂಡು ತಡವಾಗಿತ್ತು, ಇಬ್ಬರನ್ನು ಬಂಧಿಸಿದ್ದರು. ಮಿಚಿಗನ್ನಿನ ಸ್ವಂತ ನ್ಯಾಯಾಲಯವಾದರೋ ೧೯೯೩ರಲ್ಲಿ, ತಮ್ಮ ಸಂಸ್ಥಾನದ ಸಂವಿಧಾನಕ್ಕೆ ಇದು ಒಪ್ಪುವುದಿಲ್ಲವೆಂದು ನಿಲ್ಲಿಸಿಬಿಟ್ಟಿತಂತೆ.

ಆ ದೇಶದ ತೀರ್ಪುಗಳು ನಮ್ಮನ್ನು ಕಟ್ಟುವುದಿಲ್ಲ. ಆದರೂ ಅವುಗಳ ಹಿಂದಿರುವ ವಿಚಾರವು ನಮಗೂ ಸಲ್ಲುವಂಥದು. ತಪ್ಪಿಲ್ಲದವನನ್ನೂ ರಾತ್ರಿ ರಸ್ತೆಯಲ್ಲಿ ನಿಲ್ಲಿಸುವ ಹಕ್ಕು ಸರ್ಕಾರಕ್ಕೆ ಎಲ್ಲಿಂದ ಬರುತ್ತದೆ? ಎಲ್ಲರನ್ನೂ ಒಂದೇ ರೀತಿಯಾಗಿ ನಿಲ್ಲಿಸುತ್ತೇವೆಂಬ ಮಾತಿನಿಂದ ಬರುತ್ತದೆ. ಬ್ಯಾರಿಕೇಡು ಒಬ್ಬನಿಗಾಗಿ ಸರಿದರೆ, ಉಳಿದವರೆಲ್ಲರನ್ನು ತಡೆದುದಕ್ಕೂ ಆಧಾರವು ಸಡಿಲವಾಗುತ್ತದೆ. ಫೋನಿನಲ್ಲಿ ಹೆಸರು ಒತ್ತುವಾಗ ನಾವು ಪೋಲೀಸರನ್ನು ಗೆಲ್ಲುತ್ತಿದ್ದೇವೆಂದು ಭಾವಿಸಿದ್ದೆವು. ನಿಜವಾಗಿ ನಾವು ಕದಿಯಹೊರಟಿದ್ದುದು ನಮ್ಮ ಹಿಂದೆ ನಿಂತಿದ್ದ ಟೆಂಪೋ ಹುಡುಗನ ಪಾಲನ್ನು. ಪರಿಚಯದಿಂದ ಕೆಲಸವಾಗುವ ಊರಿನಲ್ಲಿ ಕಾಯಿದೆಯ ಹಕ್ಕನ್ನು ಯಾರೂ ಕಲಿಯುವುದಿಲ್ಲ. ಪರಿಚಯವಿಲ್ಲದವನು ಕೈಮುಗಿಯುವುದನ್ನು ಮಾತ್ರ ಕಲಿಯುತ್ತಾನೆ.

ಅಂದು ಬೆಳಗ್ಗೆ, ನಾವಿನ್ನೂ ವಕೀಲರ ಮನೆಯಲ್ಲಿದ್ದಾಗಲೇ, ಶಿಷ್ಯನ ಕರೆ ಬಂದಿತು. “ಸಾರ್, ರಾತ್ರಿ ಕರೆ ಮಾಡಿದ್ದಿರಿ. ಏನಾದರೂ ಆಗಬೇಕಿತ್ತೇ?” ಎಂದು ವಿನಯದಿಂದ ಕೇಳಿದನು. ಹುಡುಗನ ವಿಷಯವನ್ನು ಹೇಳಿಬಿಡೋಣವೆಂದು ಒಂದು ಕ್ಷಣ ಮನಸ್ಸಾಯಿತು. ಆದರೆ ಹುಡುಗನ ಹೆಸರು ನಮಗೆ ತಿಳಿಯದು; ಟೆಂಪೋವಿನ ನಂಬರನ್ನೂ ನಾವು ನೋಡಿರಲಿಲ್ಲ. ತಿಳಿದಿದ್ದರೂ, ಮತ್ತೆ ಅದೇ ಶಿಫಾರಸಿನ ಬಾಗಿಲನ್ನೇ ತಟ್ಟಿದಂತಾಗುತ್ತಿತ್ತು. ಅದನ್ನು ಕೇಳಬೇಕಾಗಿದ್ದ ಸ್ಥಳ ರಸ್ತೆ. ಕೇಳಬೇಕಾಗಿದ್ದ ಹೊತ್ತು ರಾತ್ರಿ. ಸಬ್‌ಇನ್ಸ್‌ಪೆಕ್ಟರರ ಬಳಿಗೆ ಹೋಗಿ, “ಈ ಹುಡುಗನ ಲೈಸೆನ್ಸಿಗೆ ಒಂದು ಸ್ವೀಕೃತಿ ಬರೆದುಕೊಡಿ” ಎಂದು ಒಂದು ಮಾತು ಹೇಳಿದ್ದರೆ ಸಾಕಾಗಿತ್ತು. ಅರಿಷ್ಟದ ಸೀಸೆಯನ್ನು ದೀಪಕ್ಕೆ ಹಿಡಿದು ಓದಿದ ಆ ಮನುಷ್ಯರು ಅದನ್ನೂ ಕೇಳುತ್ತಿದ್ದರೆಂದೇ ನಮ್ಮ ನಂಬಿಕೆ. “ಏನೂ ಇಲ್ಲಪ್ಪಾ, ಕೈತಪ್ಪಿ ಒತ್ತಿದೆವು” ಎಂದು ಫೋನನ್ನು ಇಟ್ಟೆವು.

ಈಗ ನಮ್ಮ ಕಾರಿನ ಮುಂದಿನ ಖಾನೆಯಲ್ಲಿ, ವಿಮೆಯ ಕಾಗದದ ಜೊತೆಗೆ, ಮೇಲೆ ಹೇಳಿದ ಸೆಕ್ಷನ್ನುಗಳನ್ನು ದೊಡ್ಡ ಅಕ್ಷರದಲ್ಲಿ ಬರೆದ ಒಂದು ಹಾಳೆ ಇದೆ. ಅದರ ಪ್ರತಿಗಳನ್ನು ಮಾಡಿಸಿ, ನಮ್ಮ ಬೀದಿಯ ಆಟೋ ನಿಲ್ದಾಣದಲ್ಲಿಯೂ ಛತ್ರದ ಕಾವಲುಗಾರನ ಬಳಿಯೂ ಕೊಟ್ಟಿದ್ದೇವೆ. ಅರಿಷ್ಟದ ಸೀಸೆಯು ಮನೆಯ ಕಪಾಟನ್ನು ಬಿಟ್ಟು ಹೊರಡುವುದಿಲ್ಲ. ಹೂವು ಕೊಳ್ಳಲು ಮಾರುಕಟ್ಟೆಗೆ ಹೋದಾಗಲೆಲ್ಲ ನಮ್ಮ ಮನೆಯವರು ಟೆಂಪೋಗಳ ಸಾಲಿನ ಕಡೆಗೊಮ್ಮೆ ನೋಡುತ್ತಾರೆ. ನಾವೂ ನೋಡುತ್ತೇವೆ. ಆ ಹುಡುಗನು ಇದುವರೆಗೆ ನಮ್ಮ ಕಣ್ಣಿಗೆ ಬಿದ್ದಿಲ್ಲ.